ಸೆಲ್ಲು ಕಳಪೆಯಲ್ಲ, ಒಣಗಿದ್ದು: ಶ್ರವಣ ಸಾಧನದ ಬ್ಯಾಟರಿ ಕುರಿತು ಒಂದು ಪ್ರಕರಣ

ಶ್ರವಣ ಸಾಧನದ ಸೆಲ್ಲು ಬೇಗ ಮುಗಿಯುತ್ತಿದೆ ಎಂದು ನನ್ನ ಬಳಿ ಬರುವವರಲ್ಲಿ ಹೆಚ್ಚಿನವರು ತೀರ್ಪನ್ನೂ ಜೊತೆಗೇ ತಂದಿರುತ್ತಾರೆ. ಸೆಲ್ಲು ಡೂಪ್ಲಿಕೇಟ್, ಇಲ್ಲವೇ ಹಳೇ ಸ್ಟಾಕು, ಇಲ್ಲವೇ ಮಷಿನ್ನಿಗೆ ನೀರು ಹೋಗಿದೆ. ಕೆಲವೊಮ್ಮೆ ಅದು ನಿಜವೂ ಆಗಿರುತ್ತದೆ. ಇಲ್ಲಿ ಬರೆಯುತ್ತಿರುವ ಪ್ರಕರಣದಲ್ಲಿ ಮೂರೂ ಅನುಮಾನಗಳಿದ್ದವು, ಮೂರೂ ಸರಿಯಿರಲಿಲ್ಲ. ತೇವಕ್ಕೆ ಹೆದರಿ ಮಾಡಿದ ಆರೈಕೆಯೇ ಸೆಲ್ಲುಗಳನ್ನು ಕೊಲ್ಲುತ್ತಿತ್ತು. ಗುರುತು ಸಿಗದಿರಲೆಂದು ವ್ಯಕ್ತಿಯ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಅವರು ಎಪ್ಪತ್ತು ದಾಟಿದವರು. ಜೀವನಪೂರ್ತಿ ಗಡಿಯಾರ ರಿಪೇರಿ ಮಾಡಿದವರು. ಎರಡೂ ಕಿವಿಯಲ್ಲಿ ಮಧ್ಯಮದಿಂದ ತೀವ್ರದ ನಡುವಿನ ಶ್ರವಣ ದೋಷ. ಕಿವಿಯ ಹಿಂದೆ ಕೂರುವ, ಟ್ಯೂಬ್ ಮತ್ತು ಅಚ್ಚಿನ ಮೋಲ್ಡ್ ಇರುವ ಸಾಧನಗಳು, ಎರಡಕ್ಕೂ 13ನೇ ಅಳತೆಯ ಝಿಂಕ್-ಏರ್ ಸೆಲ್ಲು. ಕಿತ್ತಳೆ ಬಣ್ಣದ ಸ್ಟಿಕ್ಕರಿನದು. ದಿನಕ್ಕೆ ಸುಮಾರು 14 ಗಂಟೆ ಹಾಕಿಕೊಳ್ಳುತ್ತಾರೆ. ಮೊದಲ ವರ್ಷ ಒಂದು ಜೋಡಿ ಸೆಲ್ಲು ಎರಡು ವಾರದ ಆಸುಪಾಸು ಬರುತ್ತಿತ್ತು. ಆ ಮಳೆಗಾಲದಲ್ಲಿ ಬಲಗಡೆಯ ಸಾಧನ ಚರಚರ ಸದ್ದು ಮಾಡಲು ಶುರುಮಾಡಿತು. ಬಾಗಿಲು ತೆಗೆದು ನೋಡಿದರೆ ಒಳಗೆ ಸೆಲ್ಲಿಗೆ ತಾಗುವ ಲೋಹದ ಪತ್ತಿಯ ಮೇಲೆ ಹಸಿರು ಕಿಲುಬು, ಸೆಲ್ಲಿನ ಅಂಚಿನಲ್ಲಿ ಬಿಳಿ ಪುಡಿ. ಸಾಧನವನ್ನು ಸರ್ವಿಸಿಗೆ ಕೊಟ್ಟರು. ಪತ್ತಿ ಬದಲಾಯಿತು, ಜೊತೆಗೆ ಒಂದು ಬುದ್ಧಿಮಾತೂ ಬಂತು: "ತೇವ ತಾಗಿಸಬೇಡಿ, ಒಣ ಡಬ್ಬಿಯಲ್ಲಿಡಿ."

ಅಲ್ಲಿಂದ ಮುಂದೆ ಸೆಲ್ಲಿನ ಆಯಸ್ಸು ಪಾತಾಳಕ್ಕಿಳಿಯಿತು.

ಅವರು ಬೇರೆ ಬೇರೆ ಕಂಪನಿಯ ಸೆಲ್ಲು ತರಿಸಿ ನೋಡಿದ್ದರು. ಮಗಳು ತಾರೀಕು ನೋಡಿ, ಪೊಟ್ಟಣ ನೋಡಿ ಆರಿಸಿ ತರುತ್ತಿದ್ದಳು. ಸತ್ತ ಸೆಲ್ಲುಗಳನ್ನೆಲ್ಲ ಒಂದು ಪ್ಲಾಸ್ಟಿಕ್ ಪೆಟ್ಟಿಗೆಯ ಮನೆಗಳಲ್ಲಿ ವಿಂಗಡಿಸಿ, ಯಾವುದನ್ನು ಎಂದು ಹಾಕಿದ್ದು, ಎಂದು ತೆಗೆದದ್ದು ಎಂದು ಪುಟ್ಟ ಅಕ್ಷರದಲ್ಲಿ ಬರೆದ ಚೀಟಿಗಳೊಡನೆ ತಂದಿದ್ದರು. ಗಡಿಯಾರದವರ ಶಿಸ್ತು. ಆದರೆ ಆ ಪೆಟ್ಟಿಗೆ ವಾರದ ಮಾತ್ರೆ ಹಾಕಿಡುವಂಥದು. ಬೇರೇನು ಮಾತಾಡುವ ಮೊದಲು ಅದನ್ನು ಖಾಲಿ ಮಾಡಿಸಿದೆ. ವಯಸ್ಸಾದವರು ಕಿವಿ ಸೆಲ್ಲನ್ನು ಮಾತ್ರೆ ಎಂದು ನುಂಗಿಬಿಡುವುದು ಕಟ್ಟುಕತೆಯಲ್ಲ. ಅನ್ನನಾಳದಲ್ಲಿ ಸಿಕ್ಕಿಕೊಂಡ ಗುಂಡಿ ಸೆಲ್ಲು ಅಲ್ಲಿನ ತೇವದ ಮೂಲಕ ವಿದ್ಯುತ್ ಹರಿಸಿ ಕ್ಷಾರ ಹುಟ್ಟಿಸಿ ಸುಡುತ್ತದೆ. 3 ವೋಲ್ಟಿನ ಲಿಥಿಯಂ ಸೆಲ್ಲಾದರೆ ಎರಡೇ ಗಂಟೆಯಲ್ಲಿ ಗಂಭೀರ ಗಾಯವಾಗಬಹುದು. ಝಿಂಕ್-ಏರ್ ಅದಕ್ಕಿಂತ ಸೌಮ್ಯ ಅನ್ನುವುದು ಸಮಾಧಾನಪಡುವ ಮಾತಲ್ಲ. ನುಂಗಿದ ಅನುಮಾನ ಬಂದರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಮನೆಯಲ್ಲಿ ಪುಟ್ಟ ಮಕ್ಕಳಿದ್ದರಂತೂ ಹಳೆಯ ಸೆಲ್ಲೂ ಬೀಗದೊಳಗೇ ಇರಬೇಕು.

ಪೆಟ್ಟಿಗೆ ಅಪಾಯದ್ದೇ, ಆದರೆ ಅದರೊಳಗಿನ ಚೀಟಿಗಳು ಈ ಪ್ರಕರಣದ ಮುಖ್ಯ ಸಾಕ್ಷಿಯಾದವು. ಆ ಮಾತಿಗೆ ಬರುವ ಮೊದಲು ಸಾಧನಗಳ ತಪಾಸಣೆ ಮುಗಿಸಿಬಿಡುತ್ತೇನೆ.

ಸಾಧನದ ಸದ್ದನ್ನು ನಾವೇ ಕೇಳಿ ನೋಡುವ ಸ್ಟೆತೊಕ್ಲಿಪ್ ಎಂಬ ಕೊಳವೆ ಹಾಕಿ ಕೇಳಿದರೆ ಎಡಗಡೆಯದು ಶುದ್ಧವಾಗಿತ್ತು. ಬಲಗಡೆಯದರಲ್ಲಿ ಸದ್ದು ನಡುನಡುವೆ ತುಂಡಾಗುತ್ತಿತ್ತು. ಟ್ಯೂಬನ್ನು ಬೆಳಕಿಗೆ ಹಿಡಿದಾಗ ಬಾಗಿನಲ್ಲಿ ನೀರಿನ ಹನಿ ಕಂಡಿತು. ಕಿವಿಯೊಳಗಿನ ಬೆಚ್ಚನೆಯ ಗಾಳಿ ಹೊರಗಿನ ತಣ್ಣನೆಯ ಟ್ಯೂಬಿಗೆ ಬಂದು ಹನಿಗಟ್ಟಿದ್ದು. ಟ್ಯೂಬಿನ ರಂಧ್ರ ಕಿರಿದಾದ್ದರಿಂದ ಒಂದು ಹನಿ ಸಾಕು, ಸದ್ದು ಕಟ್ಟಿಹೋಗುತ್ತದೆ. ಮೋಲ್ಡನ್ನು ಟ್ಯೂಬಿನ ಸಮೇತ ಸಾಧನದ ಹುಕ್ಕಿನಿಂದ ಬಿಡಿಸಿ, ರಬ್ಬರ್ ಬುಡ್ಡೆಯಿಂದ ಗಾಳಿ ಊದಿ ಹನಿ ಹೊರಹಾಕಿದ ಮೇಲೆ ಸದ್ದು ತುಂಡಾಗುವುದು ನಿಂತಿತು. ಅಂದರೆ ಅವರು ಸೆಲ್ಲಿನ ಮೇಲೆ ಹೊರಿಸಿದ್ದ ದೂರುಗಳಲ್ಲಿ ಒಂದು ಸೆಲ್ಲಿನದಾಗಿರಲಿಲ್ಲ. ಟ್ಯೂಬು ಗಟ್ಟಿಯಾಗಿ ಹಳದಿಗೆ ತಿರುಗಿತ್ತು, ಬದಲಿಸಿದೆ.

ಮುಂದಿನ ಪ್ರಶ್ನೆ: ಸಾಧನವೇ ಹೆಚ್ಚು ವಿದ್ಯುತ್ ಕುಡಿಯುತ್ತಿದೆಯೇ? ಒಳಗೆ ಎಲ್ಲೋ ತೇವದಿಂದ ಸೋರಿಕೆಯಿದ್ದರೆ ಹಾಗಾಗುತ್ತದೆ. ತಪಾಸಣಾ ಯಂತ್ರದಲ್ಲಿ ಅಳೆದಾಗ ಎರಡೂ ಸರಿಸುಮಾರು 1.5 ಮಿಲಿಆಂಪಿಯರ್ ಎಳೆಯುತ್ತಿದ್ದವು. 13ನೇ ಅಳತೆಯ ಒಳ್ಳೆಯ ಸೆಲ್ಲಿನ ಸಾಮರ್ಥ್ಯ ಸುಮಾರು 300 ಮಿಲಿಆಂಪಿಯರ್-ಗಂಟೆ. ಭಾಗಿಸಿದರೆ 200 ಗಂಟೆ. ದಿನಕ್ಕೆ 14 ಗಂಟೆಯಂತೆ ಎರಡು ವಾರ. ಮೊದಲ ವರ್ಷ ಅವರಿಗೆ ಸಿಗುತ್ತಿದ್ದುದೂ ಅಷ್ಟೇ. ಸಾಧನ ನಿರಪರಾಧಿ.

ಈಗ ಚೀಟಿಗಳು. ಅವರ ಲೆಕ್ಕದಲ್ಲಿ ಸೆಲ್ಲಿನ ಸರಾಸರಿ ಆಯಸ್ಸು ಐದಾರು ದಿನ. ಆದರೆ ಸರಾಸರಿ ಅನ್ನುವುದು ಎಷ್ಟನ್ನು ಹೇಳುತ್ತದೋ ಅಷ್ಟನ್ನೇ ಮುಚ್ಚಿಡುತ್ತದೆ. ತಾರೀಕುಗಳನ್ನು ಪೊಟ್ಟಣವಾರು ಜೋಡಿಸಿ ನೋಡಿದಾಗ ಬೇರೆಯದೇ ಚಿತ್ರ ಕಂಡಿತು. ಒಂದು ಪೊಟ್ಟಣದಲ್ಲಿ ಆರು ಸೆಲ್ಲು, ಅಂದರೆ ಮೂರು ಜೋಡಿ. ಪ್ರತಿ ಪೊಟ್ಟಣದ ಮೊದಲ ಜೋಡಿ, ಅದರಲ್ಲೂ ಎಡಗಡೆಯದು, ಹತ್ತು ದಿನ ಮೀರಿ ಬಂದಿತ್ತು. ಎರಡನೆಯ ಜೋಡಿ ಅದರ ಅರ್ಧ. ಮೂರನೆಯದು ಒಂದೆರಡು ದಿನ, ಕೆಲವು ಹಾಕಿದ ಕೂಡಲೇ ಬೀಪ್ ಕೊಟ್ಟವು. ಯಾವ ಕಂಪನಿಯಾದರೂ ಇದೇ ಕ್ರಮ. ಸೆಲ್ಲು ನಕಲಿಯಾಗಿದ್ದರೆ ಆರೂ ಕೆಟ್ಟಿರಬೇಕಿತ್ತು. ಪೊಟ್ಟಣದಲ್ಲಿ ಕಾದು ಕೂತಷ್ಟೂ ಸಾಯುತ್ತಿವೆ ಅಂದರೆ ಅವು ಕಾಯುವ ಜಾಗದಲ್ಲೇ ಏನೋ ಆಗುತ್ತಿರಬೇಕು.

"ಹೊಸ ಸೆಲ್ಲು ಎಲ್ಲಿಟ್ಟಿರ್ತೀರಿ ಸರ್?" ಎಂದು ಕೇಳಿದೆ.

ಉತ್ತರ ಮಗಳಿಂದ ಬಂತು. "ಅಪ್ಪಂಗೆ ಕೈ ನಡುಗುತ್ತೆ ಮೇಡಂ, ಆ ಸಣ್ಣ ಸ್ಟಿಕ್ಕರ್ ಕೀಳೋಕಾಗಲ್ಲ. ನಾನು ಬಂದಾಗ ಒಂದೇ ಸಲ ಎಲ್ಲಾ ಕಿತ್ತು, ಡ್ರೈ ಡಬ್ಬಿಲೇ ಹಾಕಿಟ್ಟು ಹೋಗ್ತೀನಿ. ತೇವ ತಾಗಬಾರದು ಅಂದ್ರಲ್ಲ."

ಪ್ರಕರಣದ ಮುಕ್ಕಾಲು ಪಾಲು ಆ ಮೂರ್ನಾಲ್ಕು ಮಾತಿನಲ್ಲೇ ಇತ್ತು.

ಅವರಿಬ್ಬರ ತರ್ಕದಲ್ಲಿ ಹುಳುಕಿರಲಿಲ್ಲ. ಗಡಿಯಾರದ ಸೆಲ್ಲಿನ ಮಟ್ಟಿಗೆ ಅದು ಸರಿಯಾದ ತರ್ಕ. ಕೈಗಡಿಯಾರಕ್ಕೆ ಹಾಕುವ ಸಿಲ್ವರ್ ಆಕ್ಸೈಡ್ ಸೆಲ್ಲು ಪೂರ್ತಿ ಮುಚ್ಚಿದ ಡಬ್ಬ. ಅದಕ್ಕೆ ಬೇಕಾದ್ದೆಲ್ಲ ಒಳಗೇ ಇದೆ. ಹೊರಗಿನ ಗಾಳಿ ಒಣಗಿದ್ದರೂ ಒಂದೇ, ಒದ್ದೆಯಿದ್ದರೂ ಒಂದೇ. ನಲವತ್ತು ವರ್ಷ ಅಂಥವನ್ನೇ ಕೈಯಲ್ಲಿ ಹಿಡಿದವರಿಗೆ, ನೋಡಲು ಹಾಗೆಯೇ ಇರುವ ಇನ್ನೊಂದು ಗುಂಡಿಯೊಳಗೆ ಬೇರೆಯದೇ ವ್ಯವಹಾರ ನಡೆಯುತ್ತದೆ ಅನ್ನಿಸುವುದಾದರೂ ಹೇಗೆ? ಅವರಿಗೆ ಅರ್ಥಮಾಡಿಸಲು ಅವರದೇ ಕಸುಬಿನ ಲೆಕ್ಕ ಹಿಡಿದೆ. ಗಡಿಯಾರದಲ್ಲಿ ಬರುವ ಎಸ್‌ಆರ್44 ಮತ್ತು ಶ್ರವಣ ಸಾಧನದ 675, ಎರಡರ ಅಳತೆಯೂ ಒಂದೇ: 11.6 ಮಿಲಿಮೀಟರ್ ಅಗಲ, 5.4 ಮಿಲಿಮೀಟರ್ ದಪ್ಪ. ಮೊದಲನೆಯದು 150ರಿಂದ 200 ಮಿಲಿಆಂಪಿಯರ್-ಗಂಟೆ ಕೊಡುತ್ತದೆ. ಎರಡನೆಯದು 600ಕ್ಕೂ ಹೆಚ್ಚು. ಅಷ್ಟೇ ಜಾಗದಲ್ಲಿ ಮೂರು ಪಟ್ಟು ಎಲ್ಲಿಂದ ಬಂತು?

ಅವರು ಸ್ವಲ್ಪ ಹೊತ್ತು ಯೋಚಿಸಿ, "ಅರ್ಧ ಸಾಮಾನು ಹೊರಗಿಟ್ಟಿರಬೇಕು" ಅಂದರು. ನನ್ನ ವಿವರಣೆಗಿಂತ ಚೆನ್ನಾಗಿತ್ತು.

ಹೊರಗಿಟ್ಟದ್ದು ಆಮ್ಲಜನಕ. ಝಿಂಕ್-ಏರ್ ಸೆಲ್ಲಿನೊಳಗೆ ಬಹುಪಾಲು ತುಂಬಿರುವುದು ಸತುವಿನ ಪುಡಿ. ಅದನ್ನು ನೆನೆಸಿಟ್ಟಿರುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡಿನ ನೀರು. ಇನ್ನೊಂದು ಬದಿಯ ಆಮ್ಲಜನಕ ಹೊರಗಾಳಿಯಿಂದ ಬರಬೇಕು. ಅದಕ್ಕೆಂದೇ ಧನ ಮುಖದಲ್ಲಿ, ಅಂದರೆ ಚಪ್ಪಟೆ ಮುಖದಲ್ಲಿ, ಸೂಜಿಮೊನೆಯಷ್ಟು ರಂಧ್ರಗಳಿವೆ. ಸ್ಟಿಕ್ಕರ್ ಮುಚ್ಚಿರುವುದು ಅವನ್ನೇ. ಸ್ಟಿಕ್ಕರ್ ಕಿತ್ತೊಡನೆ ಗಾಳಿ ಒಳಹೊಕ್ಕು ಸತು ಆಕ್ಸೈಡ್ ಆಗಲು ತೊಡಗುತ್ತದೆ, ಸುಮಾರು 1.4 ವೋಲ್ಟ್ ಹುಟ್ಟುತ್ತದೆ. ಸ್ಟಿಕ್ಕರ್ ಇರುವ ತನಕ ಸೆಲ್ಲು ಮಲಗಿದ ಹಾಗೆಯೇ, ವರ್ಷಕ್ಕೆ ಶೇಕಡಾ ಕೆಲವನ್ನಷ್ಟೇ ಕಳೆದುಕೊಂಡು ಮೂರ್ನಾಲ್ಕು ವರ್ಷ ಇರಬಲ್ಲದು. ಕಿತ್ತ ಮೇಲೆ ಅದಕ್ಕೆ ವಾರಗಳ ಲೆಕ್ಕ, ಬಳಸಿದರೂ, ಬಳಸದಿದ್ದರೂ.

ಬಳಸದಿದ್ದರೂ ಯಾಕೆ ಎಂಬುದು ಈ ಪ್ರಕರಣದ ತಿರುಳು. ರಂಧ್ರ ಗಾಳಿಗೆಂದು ಮಾಡಿದ್ದಾದರೂ ಅದರಲ್ಲಿ ನೀರಾವಿಯೂ ಓಡಾಡುತ್ತದೆ. ಒಳಗಿನ ತೆಳು ಪೊರೆ ನೀರಿನ ಹನಿಯನ್ನು ತಡೆಯುತ್ತದೆ, ಆವಿಯನ್ನು ತಡೆಯುವುದಿಲ್ಲ. ಒಳಗಿನ ಕ್ಷಾರದ ನೀರು ಸುಮಾರು ಶೇ. 60ರ ಸಾಪೇಕ್ಷ ಆರ್ದ್ರತೆಯ ಗಾಳಿಯೊಡನೆ ಸಮತೋಲದಲ್ಲಿರುತ್ತದೆ. ಹೊರಗಿನ ಗಾಳಿ ಅದಕ್ಕಿಂತ ಒದ್ದೆಯಾಗಿದ್ದರೆ ಸೆಲ್ಲು ನೀರು ಹೀರಿ ತುಂಬಿಕೊಳ್ಳುತ್ತದೆ. ಸತು ಆಕ್ಸೈಡ್ ಆಗಿ ಉಬ್ಬಲು ಬಿಟ್ಟಿದ್ದ ಖಾಲಿ ಜಾಗವನ್ನು ನೀರು ಆಕ್ರಮಿಸುತ್ತದೆ, ಗಾಳಿ ಬರುವ ದಾರಿ ನೆನೆಯುತ್ತದೆ, ಕೆಲವೊಮ್ಮೆ ಕ್ಷಾರ ಅಂಚಿನಿಂದ ಹೊರಗೆ ಜಿನುಗುತ್ತದೆ. ಹೊರಗಿನ ಗಾಳಿ ಒಣಗಿದ್ದರೆ ಸೆಲ್ಲು ನೀರು ಬಿಟ್ಟುಕೊಡುತ್ತದೆ, ಒಳಗಿನ ಪ್ರತಿರೋಧ ಏರುತ್ತದೆ, ಸತು ಇನ್ನೂ ಬೇಕಾದಷ್ಟು ಉಳಿದಿದ್ದರೂ ಸಾಧನ ಕೇಳಿದಷ್ಟು ಕರೆಂಟು ಕೊಡಲಾರದೆ ಕೈಚೆಲ್ಲುತ್ತದೆ.

ತೇವ ಹೀರುವ ಸಿಲಿಕಾ ಜೆಲ್ ಕಾಳು ತುಂಬಿದ ಒಣ ಡಬ್ಬಿಯೊಳಗಿನ ಗಾಳಿಯಲ್ಲಿ ಆರ್ದ್ರತೆ ಶೇ. 60ಕ್ಕಿಂತ ಬಹಳ ಕೆಳಗಿರುತ್ತದೆ. ಅದು ಹಾಗಿರಬೇಕಾದ್ದೇ, ಅದಕ್ಕೇ ಅಲ್ಲವೇ ಆ ಡಬ್ಬಿ ಇರುವುದು. ಸ್ಟಿಕ್ಕರ್ ಕಿತ್ತ ನಾಲ್ಕು ಸೆಲ್ಲುಗಳು ಅದರೊಳಗೆ ಹಗಲೂ ರಾತ್ರಿ ಕೂತು ತಮ್ಮ ನೀರನ್ನು ಕಾಳುಗಳಿಗೆ ಧಾರೆ ಎರೆಯುತ್ತಿದ್ದವು. ಮೊದಲ ಜೋಡಿ ಮುಗಿಯುವ ಹೊತ್ತಿಗೆ ಎರಡನೆಯದರ ಅರ್ಧ ಜೀವ ಹೋಗಿರುತ್ತಿತ್ತು. ಮೂರನೆಯದು ಸರದಿ ಬರುವ ಮೊದಲೇ ಒಣಗಿ ಕೂತಿರುತ್ತಿತ್ತು. ಮೊದಲ ಜೋಡಿಯೂ ಪಾರಾಗಿರಲಿಲ್ಲ, ಯಾಕೆಂದರೆ ರಾತ್ರಿ ಸಾಧನದ ಬಾಗಿಲು ತೆರೆದು ಸೆಲ್ಲು ಸಮೇತ ಅದೇ ಡಬ್ಬಿಯಲ್ಲಿಡುತ್ತಿದ್ದರು.

ಬಾಯಿಮಾತಿನಲ್ಲಿ ಹೇಳಿದರೆ ಗಡಿಯಾರದವರು ಒಪ್ಪುವವರಲ್ಲ. ಹಾಗಾಗಿ ತೂಕ ಮಾಡಿದೆವು. ಝಿಂಕ್-ಏರ್ ಸೆಲ್ಲಿನ ಒಂದು ವಿಚಿತ್ರವೆಂದರೆ ಅದು ಖಾಲಿಯಾಗುತ್ತಾ ಭಾರವಾಗುತ್ತದೆ. ಹೊರಗಿನಿಂದ ಬಂದ ಆಮ್ಲಜನಕ ಒಳಗೇ ಉಳಿಯುತ್ತದಲ್ಲ. 300 ಮಿಲಿಆಂಪಿಯರ್-ಗಂಟೆ ಪೂರ್ತಿ ಕೊಟ್ಟ 13ನೇ ಅಳತೆಯ ಸೆಲ್ಲಿನ ತೂಕ ಸುಮಾರು 90 ಮಿಲಿಗ್ರಾಂ ಏರಬೇಕು. ಇಡೀ ಸೆಲ್ಲೇ ಒಂದು ಗ್ರಾಮಿಗಿಂತ ಕಡಿಮೆ ಇರುವಾಗ ಇದು ಸಣ್ಣ ಏರಿಕೆಯಲ್ಲ. ಪರಿಚಯದ ಪ್ರಯೋಗಾಲಯವೊಂದರ ಮಿಲಿಗ್ರಾಂ ತಕ್ಕಡಿಯಲ್ಲಿ ಎರಡು ಹೊಸ ಸೆಲ್ಲು ತೂಗಿದೆವು. ಒಂದರ ಸ್ಟಿಕ್ಕರ್ ಕಿತ್ತು, ಇನ್ನೊಂದರದು ಹಾಗೇ ಬಿಟ್ಟು, ಎರಡನ್ನೂ ಅವರದೇ ಒಣ ಡಬ್ಬಿಯಲ್ಲಿ ವಾರವಿಟ್ಟು ಮತ್ತೆ ತೂಗಿದೆವು. ಸ್ಟಿಕ್ಕರ್ ಇದ್ದದ್ದು ಕದಲಿರಲಿಲ್ಲ. ಕಿತ್ತದ್ದು ಸಾಧನದ ಮುಖವನ್ನೇ ನೋಡದಿದ್ದರೂ ಎದ್ದು ಕಾಣುವಷ್ಟು ಹಗುರಾಗಿತ್ತು. ಹೋದದ್ದು ನೀರಲ್ಲದೆ ಬೇರೇನೂ ಆಗಿರಲು ಸಾಧ್ಯವಿಲ್ಲ. ಅವರು ತಕ್ಕಡಿಯ ಅಂಕಿಯನ್ನು ಬಗ್ಗಿ ನೋಡಿ, ಮಗಳ ಕಡೆ ತಿರುಗಿ, "ಇಷ್ಟು ದಿನ ನಾವೇ ಹಿಂಡಿಹಾಕಿದ್ವಲ್ಲೇ" ಅಂದರು.

ಇಷ್ಟರಲ್ಲೇ ಪ್ರಕರಣ ಮುಗಿಯಬೇಕಿತ್ತು. ಆದರೆ ಬಲಗಡೆಯ ಲೆಕ್ಕ ಇನ್ನೂ ಕೂಡಿ ಬರುತ್ತಿರಲಿಲ್ಲ. ಒಂದೇ ಪೊಟ್ಟಣ, ಒಂದೇ ಡಬ್ಬಿ, ಒಂದೇ ಕರೆಂಟು, ಆದರೂ ಬಲಗಡೆಯ ಸೆಲ್ಲು ಎಡಗಡೆಯದಕ್ಕಿಂತ ಯಾವಾಗಲೂ ಮೊದಲೇ ಸಾಯುತ್ತಿತ್ತು. ಅದರ ಸಾವಿನ ರೀತಿಯೂ ಬೇರೆ. "ಬೆಳಿಗ್ಗೆ ಚೆನ್ನಾಗಿರುತ್ತೆ, ಮಧ್ಯಾಹ್ನ ಕಳೆದ ಮೇಲೆ ಸದ್ದು ಮಂಕಾಗುತ್ತೆ, ಆಮೇಲೆ ಬೀಪ್ ಹೊಡೆದು ನಿಲ್ಲುತ್ತೆ. ಮಾರನೇ ದಿನ ಅದೇ ಸೆಲ್ಲು ಮತ್ತೆ ಓಡುತ್ತೆ" ಎಂದು ಅವರೇ ಹೇಳಿದ್ದರು. ಒಣಗಿದ ಸೆಲ್ಲು ರಾತ್ರಿ ಕಳೆದರೆ ಹೀಗೆ ಚೇತರಿಸಿಕೊಳ್ಳುವುದಿಲ್ಲ. ಸತು ಮುಗಿದ ಸೆಲ್ಲು ಸ್ವಲ್ಪ ಹೊತ್ತು ಎದ್ದಂತೆ ಮಾಡೀತು, ಇಡೀ ಅರ್ಧ ದಿನ ಓಡದು. ಹಗಲು ಉಸಿರು ಕಟ್ಟಿ, ರಾತ್ರಿ ಬಾಗಿಲು ತೆರೆದಾಗ ಉಸಿರು ಮರಳುವ ಸೆಲ್ಲು ಮಾತ್ರ ಹೀಗೆ ನಡೆದುಕೊಳ್ಳುತ್ತದೆ.

ಭೂತಗನ್ನಡಿಯಲ್ಲಿ ನೋಡಿದರೆ ಬಲಗಡೆಯ ಸಾಧನದ ಬಾಗಿಲಿನ ಸಂದು ಮತ್ತು ಅಲ್ಲಿದ್ದ ಪುಟ್ಟ ಗಾಳಿಕಿಂಡಿಯ ಮೇಲೆ ಪಾರದರ್ಶಕ ಟೇಪು. ಬಹಳ ನೀಟಾಗಿ, ಬಾಗಿಲಿನ ಆಕಾರಕ್ಕೇ ಕತ್ತರಿಸಿ ಅಂಟಿಸಿದ್ದು. ಬರಿಗಣ್ಣಿಗೆ ಕಾಣುವಂತಿರಲಿಲ್ಲ. ಕಿಲುಬು ಹಿಡಿದದ್ದು ಬಲಗಡೆಯಾದ್ದರಿಂದ, ಗಡಿಯಾರದ ಹಿಂಬದಿಗೆ ರಬ್ಬರ್ ಬಳೆ ಕೂರಿಸುವ ಕೈಯೇ ಇದನ್ನೂ ಮಾಡಿತ್ತು. ಮೂಗು ಮುಚ್ಚಿ ಓಡು ಅಂದ ಹಾಗೆ.

ಎಷ್ಟು ಗಾಳಿ ಬೇಕು ಎಂಬ ಲೆಕ್ಕ ಇಲ್ಲಿ ಸ್ವಾರಸ್ಯದ್ದು. 1.5 ಮಿಲಿಆಂಪಿಯರಿಗೆ ಗಂಟೆಗೆ ಸುಮಾರು ಒಂದೂವರೆ ಮಿಲಿಲೀಟರ್ ಗಾಳಿಯ ಆಮ್ಲಜನಕ ಬೇಕು. ದಿನಕ್ಕೆ 20ರಿಂದ 25 ಮಿಲಿಲೀಟರ್ ಆಯಿತು. ಸೆಲ್ಲು ಕೂರುವ ಗೂಡಿನಲ್ಲಿ ಉಳಿಯುವ ಗಾಳಿಯಾದರೋ ಒಂದು ಮಿಲಿಲೀಟರಿನ ಸಣ್ಣ ಪಾಲು. ಪೂರ್ತಿ ಮುಚ್ಚಿದ್ದರೆ ಸಾಧನ ಅರ್ಧ ಗಂಟೆಯೂ ಓಡುತ್ತಿರಲಿಲ್ಲ, ತಪ್ಪು ಅಂದೇ ಸಿಕ್ಕಿಬೀಳುತ್ತಿತ್ತು. ಟೇಪಿನ ಅಂಚಿನಲ್ಲಿ ಅಷ್ಟಿಷ್ಟು ಗಾಳಿ ನುಸುಳುತ್ತಿದ್ದುದರಿಂದಲೇ ಸಂಜೆಯವರೆಗೆ ತಳ್ಳುತ್ತಿತ್ತು, ಅದರಿಂದಲೇ ದೂರು ಸೆಲ್ಲಿನ ತಲೆಗೆ ಹೋಯಿತು. ಅವರು "ಸತ್ತದ್ದು" ಎಂದು ಎತ್ತಿಟ್ಟಿದ್ದ ಬಲಗಡೆಯ ಸೆಲ್ಲುಗಳಲ್ಲಿ ಕೆಲವನ್ನು ಲೋಡ್ ಕೊಟ್ಟು, ಅಂದರೆ ಕರೆಂಟು ಎಳೆಯುತ್ತಾ ಅಳೆದಾಗ ಇನ್ನೂ ಬಳಸುವಂತಿದ್ದವು. ಲೋಡ್ ಕೊಡದೆ ಬರೀ ವೋಲ್ಟ್ ನೋಡುವುದರಿಂದ ಏನೂ ತಿಳಿಯುವುದಿಲ್ಲ. ಸುಮ್ಮನಿದ್ದಾಗ ಅರೆಜೀವದ ಸೆಲ್ಲೂ 1.3 ತೋರಿಸುತ್ತದೆ. ಝಿಂಕ್-ಏರ್ ಕೊನೆಯವರೆಗೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಓಡಿ, 1.1ರ ಹತ್ತಿರ ಬಂದಾಗ ಸಾಧನ ಬೀಪ್ ಕೊಟ್ಟು, ಅಲ್ಲಿಂದ ಬೇಗ ಕುಸಿಯುವ ಜಾತಿ.

ಹಾಗಾದರೆ ಆ ಮೊದಲ ಕಿಲುಬು? ಅದು ನಿಜವಾದ ತೇವದ ಹಾನಿಯೇ. ಅವರು ಬೆಳಿಗ್ಗೆ ಬಿರುಸಾಗಿ ನಡೆಯುವವರು, ತಲೆಗೆ ಟೋಪಿ, ಬೆವರು ಇಳಿಯುವುದು ನೇರ ಕಿವಿಯ ಹಿಂಬದಿಗೆ. ಬೆವರಿನಲ್ಲಿ ಉಪ್ಪಿದೆ. ಉಪ್ಪುನೀರಿನ ತೆಳು ಪದರದ ಜೊತೆ ಸೆಲ್ಲಿನ ವೋಲ್ಟೇಜೂ ಸೇರಿದರೆ ಪತ್ತಿಯ ಮೇಲಿನ ಚಿನ್ನದ ಲೇಪ ಸವೆದ ಜಾಗದಲ್ಲಿ ತಾಮ್ರ ಮಿಶ್ರಲೋಹ ಕಿಲುಬಲು ತಡವಾಗದು. ಬಿಳಿ ಪುಡಿ ಬೇರೆ ಬಗೆಯದು. ಸೆಲ್ಲಿನಿಂದ ಜಿನುಗಿದ ಕ್ಷಾರ ಗಾಳಿಯ ಇಂಗಾಲದ ಡೈಆಕ್ಸೈಡಿನೊಡನೆ ಸೇರಿ ಆದ ಕಾರ್ಬೊನೇಟ್. ಅದನ್ನು ಒಣ ಬ್ರಷ್‌ನಿಂದ ತೆಗೆದು, ಕೈ ತೊಳೆಯಬೇಕು, ಅದೇ ಬೆರಳನ್ನು ಕಣ್ಣಿಗೆ ಒಯ್ಯಬಾರದು.

ಅವರ ಸಾಧನದ ಪೆಟ್ಟಿಗೆಯ ಮೇಲೆ ಐಪಿ68 ಎಂದು ಬರೆದಿತ್ತು. "ನೀರಲ್ಲಿ ಮುಳುಗಿಸಿದ್ರೂ ಏನಾಗಲ್ಲ ಅಂತ ತಾನೇ ಇದರರ್ಥ?" ಎಂದು ಮಗಳು ಕೇಳಿದಳು. ಐಇಸಿ 60529 ಎಂಬ ಮಾನದಂಡದಲ್ಲಿ 6 ಎಂದರೆ ಧೂಳು ಹೋಗದು, 8 ಎಂದರೆ ಕಂಪನಿ ಹೇಳಿದ ಆಳದಲ್ಲಿ, ಹೇಳಿದಷ್ಟು ಹೊತ್ತು ಮುಳುಗಿದರೂ ಹಾನಿಯಾಗುವಷ್ಟು ನೀರು ಹೋಗದು. ಪರೀಕ್ಷೆ ನಡೆಯುವುದು ಹೊಸ ಸಾಧನದ ಮೇಲೆ, ಸಿಹಿನೀರಿನಲ್ಲಿ. ವರ್ಷಗಟ್ಟಲೆ ದಿನಾ ಬೆವರು ಕುಡಿದ ಸಾಧನಕ್ಕೆ ಆ ಅಂಕಿ ಭರವಸೆಯಲ್ಲ. ಮೇಲಾಗಿ ಝಿಂಕ್-ಏರ್ ಹಾಕುವ ಸಾಧನದ ಗೂಡನ್ನು ಗಾಳಿಯಾಡದಂತೆ ಮುಚ್ಚಲು ಬರುವುದಿಲ್ಲ. ಗಾಳಿ ಬಿಟ್ಟು ಹನಿ ತಡೆಯುವ ಪೊರೆ ಹಾಕಬಹುದು, ಅಷ್ಟೇ. ಆವಿಗೆ ದಾರಿ ಇದ್ದೇ ಇರುತ್ತದೆ.

ಇಷ್ಟು ಗೊತ್ತಾದ ಮೇಲೆ ಮಾಡಬೇಕಾದ್ದು ಸರಳವಾಗಿ ಕಾಣುತ್ತದೆ: ಮಷಿನ್ನನ್ನು ಒಣಗಿಸಬೇಕು, ಸೆಲ್ಲನ್ನು ಒಣಗಿಸಬಾರದು. ರಾತ್ರಿ ಸೆಲ್ಲು ಹೊರಗೆ ತೆಗೆದು, ಬಾಗಿಲು ತೆರೆದ ಸಾಧನವನ್ನಷ್ಟೇ ಒಣ ಡಬ್ಬಿಯಲ್ಲಿಡಬೇಕು. ಆದರೆ ಅವರ ಮುಂದಿನ ಪ್ರಶ್ನೆ ನನ್ನನ್ನು ಸ್ವಲ್ಪ ಯೋಚನೆಗೆ ಹಚ್ಚಿತು. "ಮಳೆಗಾಲದಲ್ಲಿ ಗೋಡೆಯೇ ಬೆವರುತ್ತೆ. ಹೊರಗಿಟ್ಟ ಸೆಲ್ಲು ಆಗ ನೀರು ಕುಡಿಯಲ್ವಾ?" ಕುಡಿಯುತ್ತದೆ. ಒಂದು ರಾತ್ರಿಗೆ ಅದು ತೀರಾ ಕಡಿಮೆ, ಆದರೂ ಸುಮ್ಮನೆ ತಳ್ಳಿಹಾಕುವಂಥದಲ್ಲ. ಸೆಲ್ಲು ಮಾತ್ರ ಹಿಡಿಸುವಷ್ಟು ಪುಟ್ಟ, ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಜೆಲ್ ಏನೂ ಹಾಕದೆ ಇಡಿ ಎಂದೆ. ಅಷ್ಟು ಕಿರಿದಾದ ಜಾಗದ ಗಾಳಿಯಲ್ಲಿ ಕೊಡಲೂ ಹೆಚ್ಚು ನೀರಿಲ್ಲ, ಕೊಳ್ಳಲೂ ಹೆಚ್ಚು ಜಾಗವಿಲ್ಲ. ಕಿತ್ತ ಸ್ಟಿಕ್ಕರನ್ನೇ ರಾತ್ರಿ ಮತ್ತೆ ಅಂಟಿಸುವ ಅಭ್ಯಾಸ ಹಲವರಿಗಿದೆ. ಅದರಿಂದ ಹಳೆಯ ಬಿಗಿ ಬರುವುದಿಲ್ಲ, ಅಂಟು ರಂಧ್ರಕ್ಕೆ ಮೆತ್ತಿಕೊಂಡರೆ ಗಾಳಿಯ ದಾರಿಯೇ ಕಟ್ಟುತ್ತದೆ. ನಾನು ಬೇಡವೆನ್ನುತ್ತೇನೆ. ಫ್ರಿಜ್ಜಿನಲ್ಲಿಡುವುದೂ ಬೇಡ. ತಣ್ಣಗಾದ ಪೊಟ್ಟಣ ಹೊರಬಂದೊಡನೆ ಮೈಮೇಲೆ ಹನಿಗಟ್ಟುತ್ತದೆ, ಸ್ಟಿಕ್ಕರಿನ ಅಂಟು ಸಡಿಲಗೊಳ್ಳುತ್ತದೆ. ಬಿಸಿಲು ಬೀಳದ ಕಪಾಟಿನ ಮೂಲೆ ಸಾಕು.

ವಾಕಿಂಗಿನ ಬೆವರಿಗೆ ಟೇಪು ಕಿತ್ತು ಬಟ್ಟೆಯ ತೆಳು ಕವಚ ಕೊಟ್ಟೆ. ಇದು ಬೆವರನ್ನು ಹೀರುತ್ತದೆ, ಗಾಳಿ ಬಿಡುತ್ತದೆ. ಒದ್ದೆಯಾದರೆ ಬದಲಿಸಬೇಕು, ಇಲ್ಲದಿದ್ದರೆ ಅದೇ ಒದ್ದೆಬಟ್ಟೆ ದಿನವಿಡೀ ಸಾಧನಕ್ಕೆ ಸುತ್ತಿಕೊಂಡಿರುತ್ತದೆ. ಮನೆಗೆ ಬಂದೊಡನೆ ಬಾಗಿಲು ತೆರೆದು, ಸೆಲ್ಲನ್ನೂ ಗೂಡನ್ನೂ ಒಣ ಮೆತ್ತನೆ ಬಟ್ಟೆಯಿಂದ ಒರೆಸುವುದು. ಹೇರ್ ಡ್ರೈಯರ್, ಓವನ್, ಬಿಸಿಲು ಯಾವುದೂ ಕೂಡದು. ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ, ರಿಸೀವರು, ಅಂದರೆ ಒಳಗಿನ ಪುಟ್ಟ ಸ್ಪೀಕರು ಕೆಡುತ್ತದೆ. ಅವರ ಡಬ್ಬಿಯ ಕಾಳುಗಳು ಒಣಗಿದ್ದಾಗ ಕಿತ್ತಳೆ, ನೀರು ತುಂಬಿದಾಗ ಹಸಿರಾಗುವ ಬಗೆಯವು. ಹಸಿರಾದ ಮೇಲೆ ಡಬ್ಬಿ ಕೇವಲ ಡಬ್ಬಿ. ಪೊಟ್ಟಣದ ಸೂಚನೆಯಂತೆ ಕಾಳುಗಳನ್ನು ಬೇರೆ ಮಾಡಿ ಬಿಸಿಮಾಡಿ ಮತ್ತೆ ಬಳಸಬಹುದು.

ಉಳಿದದ್ದು ನಡುಗುವ ಕೈ. ಇಡೀ ಗೊಂದಲಕ್ಕೆ ಮೂಲವೇ ಅದು, ಅದನ್ನು ಬಿಟ್ಟು ಬೇರೆಲ್ಲ ಹೇಳಿಕಳಿಸಿದ್ದರೆ ಮಗಳು ಮುಂದಿನ ಸಲವೂ ಆರನ್ನೂ ಕಿತ್ತಿಟ್ಟೇ ಹೋಗುತ್ತಿದ್ದಳು. ಉದ್ದ ಬಾಲದ ಸ್ಟಿಕ್ಕರ್ ಇರುವ ಸೆಲ್ಲುಗಳಿವೆ, ಎರಡು ಬೆರಳಿನಲ್ಲಿ ಹಿಡಿದೆಳೆದರೆ ಬರುತ್ತದೆ. ತುದಿಯಲ್ಲಿ ಅಯಸ್ಕಾಂತವಿರುವ ಕಡ್ಡಿಯಿಂದ ಸೆಲ್ಲು ಎತ್ತಿ ಕೂರಿಸಬಹುದು. ಅವರು ತಮ್ಮ ಹಳೆಯ ಚಿಮಟ ತರುತ್ತೇನೆಂದರು. ಲೋಹದ ಚಿಮಟ ಎರಡೂ ಮುಖವನ್ನು ಒಟ್ಟಿಗೆ ಮುಟ್ಟಿದರೆ ಶಾರ್ಟ್ ಆಗುತ್ತದೆ, ಅದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. "ಪ್ಲಾಸ್ಟಿಕ್‌ದೂ ಇದೆ ಮೇಡಂ" ಎಂದು ನಕ್ಕರು. ಸ್ಟಿಕ್ಕರ್ ಕಿತ್ತ ಮೇಲೆ ಐದು ನಿಮಿಷ ಮೇಜಿನ ಮೇಲೆ ಬಿಟ್ಟು ಆಮೇಲೆ ಹಾಕಬೇಕು. ಗಾಳಿ ಸರಿಯಾಗಿ ತುಂಬುವ ಮೊದಲೇ ಬಾಗಿಲು ಹಾಕಿದರೆ ಹೊಸ ಸೆಲ್ಲೂ ಮಂಕಾಗಿ ಶುರುವಾಗುತ್ತದೆ.

ಚಾರ್ಜ್ ಮಾಡುವ ಸಾಧನ ತೆಗೆದುಕೊಂಡರೆ ಈ ರಗಳೆಯೆಲ್ಲ ಇರುವುದಿಲ್ಲವಲ್ಲ ಎಂದು ಮಗಳು ಕೇಳಿದ್ದು ನ್ಯಾಯವೇ. ಲಿಥಿಯಂ-ಅಯಾನ್ ಬ್ಯಾಟರಿ ಮುಚ್ಚಿದ ಡಬ್ಬ, ಗಾಳಿ ಬೇಡ, ಗೂಡಿನ ಬಾಗಿಲೂ ಇಲ್ಲ. ಆದರೆ ಟ್ಯೂಬಿನ ಹನಿ, ಮೈಕಿನ ಬೆವರು ಅದರಲ್ಲೂ ಇರುತ್ತವೆ, ಕೆಲವು ವರ್ಷಕ್ಕೆ ಬ್ಯಾಟರಿ ಸೊರಗಿದಾಗ ಬದಲಿಸಲು ಸರ್ವಿಸಿಗೇ ಹೋಗಬೇಕು. ಈಗಿರುವ ಜೋಡಿ ಚೆನ್ನಾಗಿ ಕೇಳಿಸುತ್ತಿರುವಾಗ ಬ್ಯಾಟರಿಯ ಸಲುವಾಗಿ ಬದಲಿಸುವುದನ್ನು ನಾನು ಒಪ್ಪುವುದಿಲ್ಲ. ಮುಂದಿನ ಜೋಡಿ ತೆಗೆದುಕೊಳ್ಳುವಾಗ ಖಂಡಿತ ಅದನ್ನೇ ಹೇಳುತ್ತೇನೆ, ತೇವದ ಕಾರಣಕ್ಕಲ್ಲ, ಕೈಯ ಕಾರಣಕ್ಕೆ.

ಮುಂದಿನ ಚೀಟಿಗಳಲ್ಲಿ ಎಡಗಡೆಯ ಸೆಲ್ಲು ಎರಡು ವಾರದ ಹತ್ತಿರ ಬಂತು, ಪೊಟ್ಟಣದ ಮೊದಲನೆಯದಕ್ಕೂ ಕೊನೆಯದಕ್ಕೂ ಹೇಳುವಂಥ ವ್ಯತ್ಯಾಸ ಉಳಿಯಲಿಲ್ಲ. ಬಲಗಡೆಯದು ಅದಕ್ಕಿಂತ ಒಂದೆರಡು ದಿನ ಹಿಂದಿದೆ. ಜಡಿಮಳೆಯ ವಾರವೊಂದರಲ್ಲಿ ಅಲ್ಲಿ ಮತ್ತೆ ಸ್ವಲ್ಪ ಬಿಳಿ ಪುಡಿ ಕಂಡಿತು, ಬ್ರಷ್ಷಿನಲ್ಲೇ ಹೋಯಿತು. ಆ ಬದಿಯ ಬಾಗಿಲು ಬಹುಕಾಲದ ಟೇಪಿನ ಒತ್ತಡಕ್ಕೆ ಕೊಂಚ ಸಡಿಲವಾಗಿದೆ ಎಂಬುದು ನನ್ನ ಅನುಮಾನ. ಹೊಸ ಬಾಗಿಲಿಗೆ ಬರೆದು ಹಾಕಿದ್ದೇನೆ. ಅದು ಬರುವ ತನಕ ನಡೆಯಲು ಹೋಗುವಾಗ ಬಲಗಡೆಯದನ್ನು ತೆಗೆದಿಟ್ಟು ಎಡಗಡೆಯದೊಂದನ್ನೇ ಹಾಕಿಕೊಂಡು ಹೋಗುತ್ತಿದ್ದಾರೆ.